ಗಿಳಿಯ ವೇದನೆ ಮತ್ತು ಶ್ರಾವಕನ ಹೊಣೆ

ಸಾಕಿದ ಗಿಳಿಯ ಕಾಲಿನ ಕೀಲುಗಳಲ್ಲಿ ಯೂರಿಕ್ ಆಮ್ಲದ ಹರಳುಗಳು ಶೇಖರವಾಗಿ ಗೌಟ್ ಎಂಬ ಕೀಲುವ್ಯಾಧಿ ತಲೆದೋರಿದರೆ ಅದರ ವೇದನೆ ಬಹು ತೀವ್ರವಾದುದು. ಪಕ್ಷಿಯು ಕೂರುವ ಕೋಲನ್ನು ಹಿಡಿಯಲಾರದು. ಒಂದು ಕಾಲಿನ ಭಾರವನ್ನು ಇನ್ನೊಂದರ ಮೇಲೆ ಹಾಕುತ್ತ, ಕಡೆಗೆ ಪಂಜರದ ತಳದಲ್ಲಿ ಗರಿಯುಬ್ಬಿಸಿ ಮುದುಡಿ ಕೂರುತ್ತದೆ. ವ್ಯಾಧಿ ಮುಂದುವರಿದ ಮೇಲೆ ಗುಣವಾಗುವ ಭರವಸೆ ಬಹಳ ಕಡಿಮೆ. ಇಂಥ ಸಂದರ್ಭದಲ್ಲಿ ಪಶುವೈದ್ಯರು ಮನೆಯವರ ಮುಂದಿಡುವ ಮಾರ್ಗಗಳಲ್ಲಿ ದಯಾಮರಣವೂ ಒಂದು. ಜೈನ ಗೃಹಸ್ಥನು ಅದನ್ನು ಒಪ್ಪುವುದಿಲ್ಲ. ಒಪ್ಪದಿರುವುದು ಶಾಸ್ತ್ರಸಮ್ಮತವೂ ಹೌದು. ಆದರೆ ಒಲ್ಲೆನೆಂದು ಹೇಳಿ ಪಂಜರವನ್ನು ಮನೆಗೆ ತಂದ ಆ ರಾತ್ರಿ ಗಿಳಿಯು ಹೇಗೆ ಕಳೆಯಬೇಕು? ಅಹಿಂಸೆಯ ಚರ್ಚೆಗಳಲ್ಲಿ ಕೊಲ್ಲಬಾರದೆಂಬ ವಿಷಯಕ್ಕೆ ದೊರೆತಷ್ಟು ಸ್ಥಳ ಈ ಪ್ರಶ್ನೆಗೆ ದೊರೆತಿಲ್ಲ.

ದುಃಖಪಡುತ್ತಿರುವ ಪ್ರಾಣಿಯನ್ನು ಕೊಂದರೆ ಅದರ ದುಃಖ ಬೇಗ ಮುಗಿಯುತ್ತದೆಂಬ ವಾದ ಹೊಸದೇನಲ್ಲ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ವಾದವನ್ನು ಎತ್ತಿಕೊಂಡು ಸ್ಪಷ್ಟವಾಗಿ ನಿರಾಕರಿಸಿದ್ದಾರೆ. ಅನುಕಂಪದ ಹೆಸರಿನಲ್ಲಿ ಎತ್ತಿದ ಕತ್ತಿಯೂ ಕತ್ತಿಯೇ ಎಂಬುದು ಅಲ್ಲಿಯ ಅಭಿಪ್ರಾಯ. ಕೊಂದವನಿಗೆ ಆ ಜೀವದ ಮುಂದಿನ ಗತಿಯ ಅರಿವಿಲ್ಲ. ಶರೀರವನ್ನು ಕಳಚಿದ ಮಾತ್ರಕ್ಕೆ ಅಸಾತಾವೇದನೀಯ ಕರ್ಮವೂ ಕಳಚುತ್ತದೆಂದು ಹೇಳಲು ಯಾವ ಆಧಾರವೂ ಇಲ್ಲ. ಈ ಸಿದ್ಧಾಂತವನ್ನು ಹಿಡಿದು ನಡೆಯುವ ಸಮಾಜ ಒಂದು ಸಲ ಬಹಿರಂಗವಾಗಿಯೇ ಪರೀಕ್ಷೆಗೆ ಗುರಿಯಾಯಿತು.

1928ರಲ್ಲಿ ಸಾಬರಮತಿ ಆಶ್ರಮದ ಒಂದು ಕರು ವಾಸಿಯಾಗದ ಸ್ಥಿತಿಯಲ್ಲಿ ನರಳುತ್ತಿತ್ತು. ಚಿಕಿತ್ಸೆಯಿಂದ ಪ್ರಯೋಜನವಿಲ್ಲವೆಂದು ತಿಳಿದ ಮೇಲೆ ಗಾಂಧೀಜಿಯವರು ವೈದ್ಯರೊಬ್ಬರಿಂದ ಚುಚ್ಚುಮದ್ದು ಹಾಕಿಸಿ ಅದರ ಪ್ರಾಣವನ್ನು ಮುಗಿಸಿದರು. ಇದರ ವಿರುದ್ಧ ಎದ್ದ ಪ್ರತಿಭಟನೆಯಲ್ಲಿ ಜೈನರ ಧ್ವನಿಯೇ ಮುಖ್ಯವಾಗಿತ್ತು. ಸ್ವಾರ್ಥವಿಲ್ಲದೆ, ಆ ಜೀವದ ಶಾಂತಿಗಾಗಿ ಮಾಡಿದ ಕಾರ್ಯ ಹಿಂಸೆಯಾಗದೆಂದು ಗಾಂಧೀಜಿ ತಮ್ಮ ಪತ್ರಿಕೆಯಲ್ಲಿ ವಾದಿಸಿದರು. ಸಿದ್ಧಾಂತದ ದೃಷ್ಟಿಯಿಂದ ಪ್ರತಿಭಟಿಸಿದವರು ತಪ್ಪಿದರೆಂದು ಹೇಳಲಾಗದು. ಆದರೂ ಆ ವಿವಾದದಲ್ಲಿ ಮೇಲೇಳದೆ ಉಳಿದ ಒಂದು ಪ್ರಶ್ನೆಯುಂಟು. ಕರುವನ್ನು ಕೊಲ್ಲಬಾರದಿತ್ತು, ಸರಿ. ಅದರ ನೋವಿಗೆ ಏನು ಮಾಡಬೇಕಿತ್ತು? ಕೊಲ್ಲಬಾರದೆಂದು ಹೇಳುವವನು ಆ ಜೀವದ ಉಳಿದ ದಿನಗಳಿಗೆ ತಾನೇ ಜಾಮೀನು ನಿಂತಂತೆ. ವ್ಯಾಪಾರದಲ್ಲಿ ಜಾಮೀನುದಾರನು ರುಜು ಹಾಕಿ ಎದ್ದುಹೋಗುವಂತಿಲ್ಲ.

ಪಕ್ಷಿಗೆ ನೋವೆಂಬುದು ಉಂಟೇ ಎಂದು ಪಾಶ್ಚಾತ್ಯ ವಿಜ್ಞಾನ ಬಹುಕಾಲ ಸಂಶಯಪಟ್ಟಿತು. ಜೈನಾಗಮಕ್ಕೆ ಆ ಸಂಶಯ ಇರಲಿಲ್ಲ. ಗಿಳಿಯು ಪಂಚೇಂದ್ರಿಯ ಜೀವಿ, ಸಂಜ್ಞಿ, ಎಂದರೆ ಮನಸ್ಸುಳ್ಳದ್ದು, ಹಿತಾಹಿತವನ್ನು ಗ್ರಹಿಸಬಲ್ಲದ್ದು. ಹಾಗಿದ್ದರೂ ಸಂಶಯವಿಲ್ಲದವರು ಆ ನೋವನ್ನು ಗುರುತಿಸುವುದರಲ್ಲಿ ಮುಂದಿದ್ದರೆಂದು ಹೇಳುವಂತಿಲ್ಲ. ಗಿಳಿ ಬೇಟೆಗೆ ತುತ್ತಾಗುವ ಜಾತಿಯ ಪಕ್ಷಿ. ಹಿಂಡಿನಲ್ಲಿ ನಿಶ್ಶಕ್ತವಾಗಿ ಕಂಡದ್ದನ್ನೇ ಡೇಗೆ ಮೊದಲು ಹಿಡಿಯುತ್ತದೆಯಾದ್ದರಿಂದ ನೋವನ್ನು ಮರೆಮಾಚುವುದು ಅದರ ಸ್ವಭಾವವೇ ಆಗಿದೆ. ನಾಯಿ ಕುಂಯ್‌ಗುಟ್ಟುತ್ತದೆ, ದನ ನರಳುತ್ತದೆ. ಗಿಳಿಯ ನೋವು ಬಹುಮಟ್ಟಿಗೆ ಮೌನದಲ್ಲಿ ತೋರುತ್ತದೆ. ಕಲಿತ ಮಾತನ್ನು ಆಡುವುದು ನಿಲ್ಲುತ್ತದೆ, ಗರಿ ತಿದ್ದಿಕೊಳ್ಳುವುದು ಕಡಿಮೆಯಾಗುತ್ತದೆ, ಕಾಳು ಬಟ್ಟಲಿನಲ್ಲೇ ಉಳಿಯುತ್ತದೆ, ಎಂದೂ ಕಚ್ಚದ ಪಕ್ಷಿ ಕೈಯನ್ನು ಕಚ್ಚುತ್ತದೆ. ಮನೆಯವರು ಇದನ್ನು ಸಿಟ್ಟೆಂದೋ ಮುಪ್ಪೆಂದೋ ತಿಳಿಯುವುದುಂಟು.

ಅದು ಬರಿಯ ದೇಹದ ಪ್ರತಿಕ್ರಿಯೆ, ಅನುಭವವಲ್ಲ ಎಂದು ಹೇಳುವವರಿಗೆ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾನಿಲಯದವರು 2000ದಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ಕೊಡುತ್ತದೆ. ಕುಂಟುವ ಕೋಳಿಗಳ ಮುಂದೆ ಎರಡು ಬಗೆಯ ಆಹಾರವನ್ನಿಟ್ಟರು. ಒಂದರಲ್ಲಿ ಕಾರ್ಪ್ರೊಫೆನ್ ಎಂಬ ನೋವುನಿವಾರಕ ಬೆರೆತಿತ್ತು. ಕುಂಟುವ ಕೋಳಿಗಳು ಔಷಧವಿದ್ದ ಆಹಾರವನ್ನು ಆರೋಗ್ಯವಾದ ಕೋಳಿಗಳಿಗಿಂತ ಹೆಚ್ಚಾಗಿ ಆರಿಸಿಕೊಂಡವು. ಕುಂಟು ಹೆಚ್ಚಿದಷ್ಟೂ ಔಷಧದ ಸೇವನೆಯೂ ಹೆಚ್ಚಿತು. ಸಂಜ್ಞಿ ಎಂಬ ಶಬ್ದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ದೊರೆಯುವುದು ಕಷ್ಟ.

ಕಾರ್ಪ್ರೊಫೆನ್, ಮೆಲಾಕ್ಸಿಕಾಮ್ ಮೊದಲಾದವು ಉರಿಯೂತವನ್ನು ತಗ್ಗಿಸಿ ನೋವನ್ನು ಕಡಿಮೆಮಾಡುವ ಔಷಧಗಳು. ಮುರಿದ ಎಲುಬು, ಶಸ್ತ್ರಚಿಕಿತ್ಸೆಯ ಗಾಯ, ಗಾಳಿಪಟದ ಮಾಂಜಾ ದಾರ ಕೊಯ್ದ ರೆಕ್ಕೆ, ಮನೆಯ ಫ್ಯಾನಿಗೆ ಸಿಕ್ಕ ದೇಹ – ಇಂಥವಕ್ಕೆ ಅವು ಸಾಲದೆ ಬರಬಹುದು. ಆಗ ಬೇಕಾಗುವುದು ಅಫೀಮಿನ ವರ್ಗದ ಔಷಧ. ಅಫೀಮಿನ ಸಾರವಾದ ಮಾರ್ಫಿನ್ 19ನೆಯ ಶತಮಾನದ ಆರಂಭದಿಂದಲೂ ವೈದ್ಯಕೀಯಕ್ಕೆ ಪರಿಚಿತ. ಮೆದುಳು ಮತ್ತು ಬೆನ್ನುಹುರಿಯಲ್ಲಿರುವ ಕೆಲವು ಗ್ರಾಹಕಗಳಿಗೆ, ಬೀಗಕ್ಕೆ ಕೀಲಿ ಹೊಂದಿದಂತೆ, ಈ ವರ್ಗದ ಔಷಧಗಳು ಹೊಂದಿಕೊಂಡು ನೋವಿನ ಸಂದೇಶವನ್ನು ತಗ್ಗಿಸುತ್ತವೆ. ಈ ಗ್ರಾಹಕಗಳಲ್ಲಿ ಮ್ಯೂ, ಕಪ್ಪಾ, ಡೆಲ್ಟಾ ಎಂದು ಭೇದಗಳಿವೆ. ಮಾರ್ಫಿನ್ ಮುಖ್ಯವಾಗಿ ಮ್ಯೂ ಗ್ರಾಹಕವನ್ನು ಹಿಡಿಯುತ್ತದೆ.

ಗಿಳಿಯ ವಿಷಯದಲ್ಲಿ ತೊಡಕು ಎದುರಾದದ್ದು ಇಲ್ಲಿಯೇ. 1988ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಪಾರಿವಾಳದ ಮುಮ್ಮೆದುಳಿನ ಗ್ರಾಹಕಗಳ ಪೈಕಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಕಪ್ಪಾ ಬಗೆಯವೆಂದು ಕಂಡುಬಂದಿತು. ಹಾಗಿದ್ದರೆ ನಾಯಿಗೂ ಮನುಷ್ಯನಿಗೂ ಒದಗುವ ಔಷಧ ಪಕ್ಷಿಗೆ ಒದಗಬೇಕೆಂಬ ನಿಯಮವಿಲ್ಲ. ಕಪ್ಪಾ ಗ್ರಾಹಕದ ಮೇಲೆ ಕೆಲಸಮಾಡುವ ಬ್ಯುಟಾರ್ಫನಾಲ್ ಎಂಬ ಔಷಧವನ್ನು ಅಮೆರಿಕದ ಪಶುವೈದ್ಯರು ಪರೀಕ್ಷಿಸಿದರು. ಅದನ್ನು ಕೊಟ್ಟಾಗ ಕಾಕಟೂ ಗಿಳಿಗಳಿಗೆ ಐಸೊಫ್ಲುರೇನ್ ಅರಿವಳಿಕೆ ಕಡಿಮೆ ಪ್ರಮಾಣದಲ್ಲಿ ಸಾಕಾಗುತ್ತದೆಂದು 1994ರಲ್ಲಿ ವರದಿಯಾಯಿತು. 1999ರಲ್ಲಿ ಜೊಆನ್ ಪಾಲ್–ಮರ್ಫಿ ಮತ್ತು ಸಂಗಡಿಗರು ಆಫ್ರಿಕದ ಬೂದುಗಿಳಿಗಳಲ್ಲಿ ಬ್ಯುಟಾರ್ಫನಾಲ್ ನೋವನ್ನು ತಗ್ಗಿಸುತ್ತದೆಂದೂ, ನಾಯಿ ಬೆಕ್ಕುಗಳಿಗೆ ಬಹಳ ಬಳಕೆಯಲ್ಲಿರುವ ಬ್ಯುಪ್ರೆನಾರ್ಫಿನ್ ಅವರು ಕೊಟ್ಟ ಪ್ರಮಾಣದಲ್ಲಿ ಪರಿಣಾಮ ತೋರಲಿಲ್ಲವೆಂದೂ ಪ್ರಕಟಿಸಿದರು. ಅಲ್ಲಿಯವರೆಗೆ ಬ್ಯುಪ್ರೆನಾರ್ಫಿನ್ ಹಾಕಿ ‘ನೋವಿಗೆ ಕೊಟ್ಟಿದ್ದೇವೆ’ ಎಂದು ಸಮಾಧಾನಪಟ್ಟ ವೈದ್ಯರೆಷ್ಟೋ! ಅವರ ದಯೆಯಲ್ಲಿ ಕೊರತೆಯಿರಲಿಲ್ಲ. ಅದು ಗಿಳಿಯನ್ನು ಮುಟ್ಟಲಿಲ್ಲ, ಅಷ್ಟೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೆಸ್ಟ್ರೆಲ್ ಎಂಬ ಅಮೆರಿಕದ ಸಣ್ಣ ಡೇಗೆಗೆ ಮ್ಯೂ ಬಗೆಯ ಔಷಧಗಳಾದ ಹೈಡ್ರೊಮಾರ್ಫೋನ್, ಬ್ಯುಪ್ರೆನಾರ್ಫಿನ್ ಎರಡೂ ಗುಣಕೊಟ್ಟವೆಂದು 2013–14ರ ಹೊತ್ತಿಗೆ ತಿಳಿದುಬಂದಿತು. ಕಿತ್ತಳೆರೆಕ್ಕೆಯ ಅಮೆಜಾನ್ ಗಿಳಿಗೆ ಹೈಡ್ರೊಮಾರ್ಫೋನ್ ಹೆಚ್ಚಿನ ಪ್ರಮಾಣದಲ್ಲಿ ಪರಿಣಾಮಕಾರಿಯೆಂದು ಕಂಡರೆ, ಕಾಕಟೀಲ್ ಗಿಳಿಯಲ್ಲಿ ಅಂಥ ಪರಿಣಾಮ ಕಾಣಲಿಲ್ಲ. ಗಿಳಿಯೆಂಬ ಒಂದೇ ಹೆಸರಿನ ಅಡಿಯಲ್ಲಿ ಸುಮಾರು 400 ಜಾತಿಗಳಿವೆ. ಒಂದಕ್ಕೆ ಸಂದದ್ದು ಇನ್ನೊಂದಕ್ಕೆ ಸಲ್ಲಬೇಕಾಗಿಲ್ಲ. ಪ್ರಮಾಣದ ವಿಷಯ ಇನ್ನೂ ಸೂಕ್ಷ್ಮ. ಬ್ಯುಟಾರ್ಫನಾಲನ್ನು ಗಿಳಿಗೆ ದೇಹತೂಕದ ಕಿಲೋಗ್ರಾಮಿಗೆ 1ರಿಂದ 5 ಮಿಲಿಗ್ರಾಮಿನವರೆಗೆ ಕೊಡುವುದುಂಟು. ವಯಸ್ಕ ಮನುಷ್ಯನಿಗೆ ಇಡೀ ದೇಹಕ್ಕೇ ಒಂದೆರಡು ಮಿಲಿಗ್ರಾಮು ಸಾಕು. ಮನುಷ್ಯನ ಲೆಕ್ಕದಲ್ಲಿ ತೂಗಿ ಕೊಟ್ಟರೆ ಗಿಳಿಗೆ ಕೊಟ್ಟಂತೆಯೇ ಆಗುವುದಿಲ್ಲ. ಇನ್ನೊಂದೆಡೆ, ನೂರು ಚಿಲ್ಲರೆ ಗ್ರಾಂ ತೂಗುವ ಪಕ್ಷಿಗೆ ಸಿರಿಂಜಿನಲ್ಲಿ ಒಂದು ಗೆರೆ ಹೆಚ್ಚಾದರೂ ಅಪಾಯ. ಅತಿಯಾದ ಮಂಪರಿನಲ್ಲಿ ಅದು ಕಾಳು ಮುಟ್ಟದೆ ಕೂರಬಹುದು, ಉಸಿರು ಕುಗ್ಗಬಹುದು. ಶಾಸ್ತ್ರದಲ್ಲಿ ಹೇಳಿದ ಹತ್ತು ಪ್ರಾಣಗಳಲ್ಲಿ ಉಚ್ಛ್ವಾಸವೂ ಒಂದೆಂಬುದನ್ನು ಇಲ್ಲಿ ನೆನೆಯಬೇಕು.

ಇಷ್ಟೆಲ್ಲ ತಿಳಿವಳಿಕೆ ಬಂದದ್ದು ಹೇಗೆ ಎಂಬ ಪ್ರಶ್ನೆಯನ್ನು ಜೈನ ಓದುಗರು ಕೇಳದೆ ಬಿಡಲಾರರು, ಬಿಡಲೂಬಾರದು. 1999ರ ಪ್ರಯೋಗದಲ್ಲಿ ಬೂದುಗಿಳಿಗಳ ಪಾದಕ್ಕೆ ವಿದ್ಯುತ್ತನ್ನು ಮುಟ್ಟಿಸಿ, ಅವು ಎಷ್ಟಕ್ಕೆ ಕಾಲನ್ನು ಎತ್ತುತ್ತವೆಂದು ಅಳೆಯಲಾಯಿತು. ಬೇರೆ ಪ್ರಯೋಗಗಳಲ್ಲಿ ಬಿಸಿಯನ್ನು ತಾಗಿಸಿದರು. ನೋವನ್ನು ತಗ್ಗಿಸುವ ವಿದ್ಯೆ ನೋವನ್ನು ಕೊಟ್ಟೇ ಸಂಪಾದಿತವಾದದ್ದು. ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳಿಂದ ಹಿಂಸೆಯ ದೋಷ ಬರುತ್ತದೆಂದು ತಿಳಿದವನು, ಆ ಔಷಧವನ್ನು ಬಳಸಿದರೆ ಅನುಮೋದನೆಯಾಯಿತೇ ಎಂದು ಹಿಂಜರಿಯುವುದು ಸಹಜ. ಅನುಮೋದನೆಯೆಂದರೆ ಆದ ಹಿಂಸೆಯನ್ನು ಮನಸ್ಸು ಒಪ್ಪಿ ಮೆಚ್ಚುವುದು. ಖೇದಪಡುತ್ತಲೇ ಅದರಿಂದ ದೊರೆತ ತಿಳಿವನ್ನು ಮುಂದಿನ ಜೀವದ ರಕ್ಷಣೆಗೆ ತೊಡಗಿಸುವುದು ಆ ವರ್ಗಕ್ಕೆ ಸೇರದು. ಆದರೆ ಖೇದ ಬಾಯಿಮಾತಿನದಾಗಬಾರದು. ಬ್ರಿಸ್ಟಲಿನ ಕೋಳಿಗಳಂತೆ ಮೊದಲೇ ನೋವಿನಲ್ಲಿದ್ದು ತಾವೇ ಔಷಧವನ್ನು ಆರಿಸಿಕೊಳ್ಳುವ ರೀತಿಯ ಅಧ್ಯಯನಗಳೂ, ಆಸ್ಪತ್ರೆಗೆ ಬಂದ ಪಕ್ಷಿಗಳ ಚಿಕಿತ್ಸೆಯನ್ನೇ ಎಚ್ಚರಿಕೆಯಿಂದ ದಾಖಲಿಸುವ ಕ್ರಮವೂ ಸಾಧ್ಯವಿರುವಾಗ, ಪಕ್ಷಿ ಚಿಕಿತ್ಸಾಲಯಗಳಿಗೆ ದಾನ ಕೊಡುವ ಸಮಾಜ ಇಂಥ ದಾಖಲೆಗಳನ್ನಿಡಬೇಕೆಂದು ಕೇಳಬಹುದು. ಗೋಡೆಯ ಮೇಲಿನ ಅಮೃತಶಿಲೆಯ ಫಲಕದಲ್ಲಿ ದಾನಿಗಳ ಹೆಸರಿಗೆ ದೊರೆಯುವ ಶ್ರದ್ಧೆ ರೋಗಿಯ ಚೀಟಿಗೂ ದೊರೆಯಲಿ.

ವೇದನೆಯು ಕರ್ಮದ ಫಲವಾಗಿರುವಾಗ ಅದನ್ನು ತಡೆಯುವುದರಿಂದ ನಿರ್ಜರೆಗೆ ಅಡ್ಡಿಯಾಗದೇ ಎಂದು ಕೆಲವರು ಕೇಳುತ್ತಾರೆ. ಈ ಪ್ರಶ್ನೆಯನ್ನು ಕೇಳುವವರು ತಮ್ಮ ಹಲ್ಲುನೋವಿಗೆ ಮಾತ್ರೆ ನುಂಗುವುದನ್ನು ಬಿಟ್ಟಿರುವುದಿಲ್ಲವೆಂಬುದು ಬೇರೆ ಮಾತು. ಮುನಿಗಳು ಪರೀಷಹಗಳನ್ನು ಗೆಲ್ಲುತ್ತಾರೆ. ಹಸಿವು, ಬಾಯಾರಿಕೆ, ಶೀತ, ಉಷ್ಣ, ರೋಗ ಎಲ್ಲವನ್ನೂ ಸಮಭಾವದಿಂದ ಸಹಿಸುತ್ತಾರೆ. ಸಲ್ಲೇಖನ ವ್ರತಧಾರಿಯೂ ಸಹಿಸುತ್ತಾನೆ. ಆ ಸಹನೆ ತಪಸ್ಸಾಗುವುದು ಅದನ್ನು ಅರಿತು, ಇಚ್ಛೆಯಿಂದ, ವ್ರತವಾಗಿ ಸ್ವೀಕರಿಸಿದ್ದರಿಂದ. ಪಂಜರದ ಗಿಳಿ ಯಾವ ವ್ರತವನ್ನೂ ತೆಗೆದುಕೊಂಡಿಲ್ಲ. ಬಲಾತ್ಕಾರದ ಸಹನೆಯಿಂದ ಆಗುವ ಅಕಾಮನಿರ್ಜರೆ ಅಲ್ಪ. ವೇದನೆಯಿಂದ ಹುಟ್ಟುವ ಆರ್ತಧ್ಯಾನದ ಬಂಧವೋ ಹೆಚ್ಚು. ಗಿಳಿಯ ಪರವಾಗಿ ಮನೆಯ ಯಜಮಾನನು ತಪಸ್ಸನ್ನು ಕೈಗೊಳ್ಳಲು ಬರುವುದಿಲ್ಲ.

ಅಫೀಮು ಮಾದಕ ವಸ್ತು, ಅದನ್ನು ಮನೆಯೊಳಗೆ ತರುವುದೇ ಸಲ್ಲದು ಎಂಬುದು ಇನ್ನೊಂದು ಆಕ್ಷೇಪ. ಬ್ಯುಟಾರ್ಫನಾಲ್ ಪ್ರಯೋಗಶಾಲೆಯಲ್ಲಿ ತಯಾರಾಗುವ ವಸ್ತು, ಗಸಗಸೆಯ ಗಿಡದ ಹಾಲಲ್ಲ. ಒಂದು ವೇಳೆ ಆಗಿದ್ದರೂ ಪ್ರಮತ್ತತೆಗಾಗಿ ಸೇವಿಸುವುದಕ್ಕೂ ವೇದನಾಶಮನಕ್ಕಾಗಿ ವೈದ್ಯನು ಕೊಡುವುದಕ್ಕೂ ಇರುವ ಅಂತರವನ್ನು ಹೇಳಬೇಕಾಗಿಲ್ಲ. ಈ ಭಯದಿಂದ ಆದ ಅನಾಹುತ ಮನುಷ್ಯರಿಗೂ ತಟ್ಟಿದೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಿಂದ ಅಫೀಮು ಬೆಳೆದು ನೀಮಚ್ ಹಾಗೂ ಗಾಜೀಪುರಗಳ ಸರ್ಕಾರಿ ಕಾರ್ಖಾನೆಗಳಲ್ಲಿ ಸಂಸ್ಕರಿಸುವ ಈ ದೇಶದಲ್ಲಿಯೇ, 1985ರ ಮಾದಕ ದ್ರವ್ಯ ಕಾಯಿದೆಯ ತರುವಾಯ ವೈದ್ಯಕೀಯ ಮಾರ್ಫಿನ್ ಬಳಕೆ ಹತ್ತು ಹನ್ನೆರಡು ವರ್ಷಗಳಲ್ಲಿ ಶೇಕಡಾ 90ಕ್ಕೂ ಮಿಕ್ಕಿ ಕುಸಿಯಿತು. ಕ್ಯಾನ್ಸರ್ ರೋಗಿಗಳು ನರಳಿದರು. 2014ರಲ್ಲಿ ಕಾಯಿದೆಯನ್ನು ತಿದ್ದಬೇಕಾಯಿತು. ಮನುಷ್ಯರಿಗೇ ದೊರೆಯದಿರುವಾಗ ಗಿಳಿಗೇಕೆ ಎಂದು ಕೇಳುವವರಿದ್ದಾರೆ. ಗಿಳಿಗೆ ಬೇಕಾದುದು ಕೆಲವೇ ಮಿಲಿಗ್ರಾಮು. ಅದೂ ಕ್ಯಾನ್ಸರ್ ರೋಗಿ ಎದುರುನೋಡುತ್ತಿರುವ ಮಾರ್ಫಿನ್ ಅಲ್ಲ. ಇಲ್ಲಿ ಒಬ್ಬರ ಪಾಲನ್ನು ಇನ್ನೊಬ್ಬರು ಕಸಿಯುವ ಪ್ರಸಂಗವೇ ಇಲ್ಲ.

ಭಾವವನ್ನೇ ಪ್ರಧಾನವೆಂದು ಸಾರುವ ಪರಂಪರೆಗೆ ಯಶೋಧರನ ಕಥೆ ಚಿರಪರಿಚಿತ. ಜನ್ನನ ಕಾವ್ಯದಿಂದಾಗಿ ಕನ್ನಡದಲ್ಲಿ ಅದನ್ನು ಅರಿಯದ ಶ್ರಾವಕರು ಕಡಿಮೆ. ಅಲ್ಲಿ ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಸಂಕಲ್ಪದಲ್ಲಿ ಹಿಂಸೆಯಿದ್ದುದರಿಂದ ತಾಯಿಮಗ ಇಬ್ಬರೂ ಭವಭವಗಳಲ್ಲಿ ತೊಳಲಿದರು. ಗಿಳಿಯ ಪ್ರಸಂಗ ಇದರ ತಿರುವುಮುರುವು. ಮನೆಯವರ ಸಂಕಲ್ಪದಲ್ಲಿ ಹಿಂಸೆಯಿಲ್ಲ, ಆದರೆ ನೋವು ನಿಜವಾದುದು. ಭಾವ ಶುದ್ಧವಾಗಿದ್ದರೆ ಸಾಕೆಂದು ಇಲ್ಲಿ ನಿಲ್ಲಬಹುದೇ? ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು ಮೂಲದಲ್ಲಿಟ್ಟಿದೆ. ಔಷಧವೇ ಇಲ್ಲದ ಕಾಲದಲ್ಲಿ ಗಿಳಿ ನರಳಿದರೆ ಅದು ಅಶಕ್ಯತೆ. ಔಷಧವುಂಟು, ತಿಳಿದ ವೈದ್ಯರುಂಟು, ಕೇಳಿದರೆ ದೊರೆಯುತ್ತದೆ ಎಂಬ ಕಾಲದಲ್ಲಿ ಕೇಳದೆ ಕೂರುವುದು ಪ್ರಮಾದದ ಲೆಕ್ಕಕ್ಕೆ ಬರುತ್ತದೆ.

ವಿಚಾರಿಸದೆ ಕೊಟ್ಟ ಔಷಧವೂ ಪ್ರಮಾದವೇ. ದನಗಳ ನೋವಿಗೆಂದು ಕರುಣೆಯಿಂದಲೇ ಕೊಟ್ಟ ಡೈಕ್ಲೊಫೆನಾಕ್, ಆ ದನಗಳ ಕಳೇಬರವನ್ನು ತಿಂದ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿತು. ಭಾರತದ ಮೂರು ಜಾತಿಯ ರಣಹದ್ದುಗಳು 1990ರ ದಶಕದಿಂದ ಹದಿನೈದು ವರ್ಷಗಳೊಳಗೆ ಶೇಕಡಾ 95ಕ್ಕೂ ಹೆಚ್ಚು ನಾಶವಾದವು. ಕಾರಣ ತಿಳಿದದ್ದು 2004ರಲ್ಲಿ. ಪಶುಚಿಕಿತ್ಸೆಯಲ್ಲಿ ಆ ಔಷಧದ ನಿಷೇಧ 2006ರಲ್ಲಿ. ಬದಲಿಗೆ ಸೂಚಿತವಾದ ಮೆಲಾಕ್ಸಿಕಾಮ್ ರಣಹದ್ದುಗಳಿಗೆ ನಿರಪಾಯಕಾರಿಯೆಂದು ಪರೀಕ್ಷೆಗಳಿಂದ ತಿಳಿದಿದ್ದಿತು. ಮನುಷ್ಯರಿಗೆ ತಂದ ಮಾತ್ರೆಯ ಚೂರನ್ನು ನೀರಿನಲ್ಲಿ ಕದಡಿ ಗಿಳಿಯ ಬಾಯಿಗೆ ಹನಿಸುವ ಮನೆಯವರು ಈ ಸಂಗತಿಯನ್ನು ಮರೆಯಬಾರದು.

ಇನ್ನು ಪಂಜರದ ಮಾತು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧ ಮೊದಲನೆಯದು. ಅಂಗವನ್ನು ಕತ್ತರಿಸುವ ಛೇದವೂ ಅವುಗಳಲ್ಲಿ ಸೇರಿದೆ. ಗಿಳಿಯನ್ನು ಕೂಡಿಹಾಕಿ, ಗಿಳಿಶಾಸ್ತ್ರದವರಂತೆ ಅದರ ರೆಕ್ಕೆಯ ಗರಿಗಳನ್ನು ಕತ್ತರಿಸಿ, ಆಮೇಲೆ ಅದಕ್ಕೆ ಉತ್ತಮ ನೋವುನಿವಾರಕವನ್ನು ಅರಸುವುದು ವಿಪರ್ಯಾಸವಲ್ಲವೇ? ವಿಪರ್ಯಾಸವೇ ಸರಿ. ಕೊರಳಲ್ಲಿ ಗುಲಾಬಿ ಪಟ್ಟಿಯುಳ್ಳ ನಾಡಗಿಳಿಯನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಆಫ್ರಿಕದ ಬೂದುಗಿಳಿ ಕಾಡಿನಲ್ಲಿ ಎಷ್ಟು ಕ್ಷೀಣಿಸಿತೆಂದರೆ 2016ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನು ಅತ್ಯಂತ ಕಠಿಣ ನಿರ್ಬಂಧದ ಪಟ್ಟಿಗೆ ಸೇರಿಸಬೇಕಾಯಿತು. ಹೀಗಿದ್ದೂ ಊರೂರಿನ ಮನೆಗಳಲ್ಲಿ ಹಸಿರುಗಿಳಿಗಳಿವೆ. ಕಾಯಿದೆಯ ಭಯದಿಂದ ಅವುಗಳನ್ನು ವೈದ್ಯರ ಬಳಿಗೆ ಒಯ್ಯಲು ಹಿಂಜರಿಯುವುದರಿಂದ ಬಂಧದ ದೋಷದ ಮೇಲೆ ವೇದನೆಯ ದೋಷವೂ ಕೂಡುತ್ತದೆ. ಪಂಜರದ ತಪ್ಪು ನೋವಿನ ಔಷಧದಿಂದ ತೊಳೆದುಹೋಗದು. ಆದರೆ ಪಂಜರ ತಪ್ಪೆಂಬ ಕಾರಣಕ್ಕೆ ಒಳಗಿರುವ ಪಕ್ಷಿಯ ನೋವನ್ನು ಹಾಗೆಯೇ ಬಿಡುವುದು ಯಾವ ನ್ಯಾಯ?

1929ರಲ್ಲಿ ಆರಂಭವಾಗಿ, ಮುಂದೆ ದೆಹಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಲಾಲ್ ಮಂದಿರದ ಆವರಣದಲ್ಲಿ ನೆಲೆಗೊಂಡ ಜೈನ ಪಕ್ಷಿ ಚಿಕಿತ್ಸಾಲಯವು ಗುಣವಾದ ಪಕ್ಷಿಗಳನ್ನು ಆಕಾಶಕ್ಕೆ ಬಿಡುವ ಪದ್ಧತಿಯನ್ನು ಇಟ್ಟುಕೊಂಡಿದೆ. ಬಂಧ ಮತ್ತು ವೇದನೆ ಎರಡಕ್ಕೂ ಅಲ್ಲಿ ಒಂದೇ ಬಾಗಿಲಲ್ಲಿ ಉತ್ತರವಿದೆ. ಆದರೆ ಪರದೇಶದ ಗಿಳಿಯನ್ನು ಬಿಟ್ಟರೆ ಅದು ಇಲ್ಲಿ ಬದುಕಲಾರದು; ಗೌಟಿನಿಂದ ಕಾಲು ಸೆಟೆದ ಗಿಳಿಯನ್ನು ಬಿಡುವುದು ಕಾಗೆ ಬೆಕ್ಕುಗಳಿಗೆ ಒಪ್ಪಿಸಿದಂತೆ. ಅವು ಮನೆಯಲ್ಲಿಯೇ ಇರಬೇಕು.

ಅಂಥ ಮನೆಗೆ ಒಂದು ವ್ಯಾವಹಾರಿಕ ತೊಡಕು ಉಳಿಯುತ್ತದೆ. ಬ್ಯುಟಾರ್ಫನಾಲಿನ ಪ್ರಭಾವ ಗಿಳಿಯಲ್ಲಿ ಕೆಲವೇ ತಾಸು, ಎರಡರಿಂದ ನಾಲ್ಕರವರೆಗೆ, ನಿಲ್ಲುತ್ತದೆ. ಬಾಯಿಂದ ಕೊಟ್ಟರೆ ಅದು ಒದಗುವುದಿಲ್ಲ, ಚುಚ್ಚಬೇಕು. ಶಸ್ತ್ರಚಿಕಿತ್ಸೆಯ ದಿನ, ಎಲುಬು ಮುರಿದ ಮೊದಲ ಒಂದೆರಡು ದಿನ, ಆಸ್ಪತ್ರೆಯಲ್ಲಿಯೇ ಅದನ್ನು ಕೊಡಿಸುವುದು ಯುಕ್ತ. ಅನಂತರ ವೈದ್ಯರು ಮೆಲಾಕ್ಸಿಕಾಮ್ ದ್ರವವನ್ನೋ, ಕೆಲವು ಜಾತಿಗಳಿಗೆ ಟ್ರಮಡಾಲನ್ನೋ ಸೂಚಿಸುತ್ತಾರೆ. ಟ್ರಮಡಾಲ್ 2018ರಿಂದ ಮಾದಕ ದ್ರವ್ಯ ಕಾಯಿದೆಯ ಹತೋಟಿಯಲ್ಲಿರುವುದರಿಂದ ಚೀಟಿಯಿಲ್ಲದೆ ಅಂಗಡಿಯವರನ್ನು ಒತ್ತಾಯಿಸುವುದು ಸರಿಯಲ್ಲ. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡುವ ಮೊದಲು ‘ನೋವಿಗೆ ಏನು ಕೊಡುತ್ತೀರಿ, ಎಷ್ಟು ಹೊತ್ತಿಗೊಮ್ಮೆ, ರಾತ್ರಿ ಯಾರು ಕೊಡುತ್ತಾರೆ’ ಎಂದು ಕೇಳಲು ಸಂಕೋಚಪಡಬಾರದು. ಈ ಪ್ರಶ್ನೆಯಿಂದ ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ.

ಗುಣವಾಗದ ಗಿಳಿಯ ಆರೈಕೆ ಇದಕ್ಕಿಂತ ದೀರ್ಘ. ಕೂರುವ ಕೋಲಿಗೆ ಮೆತ್ತನೆಯ ಬಟ್ಟೆ ಸುತ್ತಬೇಕು, ಇಲ್ಲವೇ ಕೋಲನ್ನು ತೆಗೆದು ತಳದಲ್ಲಿ ದಪ್ಪನೆಯ ಹಾಸು ಹಾಕಬೇಕು. ನೀರು ಕಾಳುಗಳನ್ನು ಕೊಕ್ಕಿಗೆ ಎಟಕುವಷ್ಟು ಕೆಳಗಿಡಬೇಕು. ದಿನವೂ ಒಂದೇ ಹೊತ್ತಿಗೆ ತೂಕ ನೋಡಿ ಬರೆದಿಡಬೇಕು. ಅಂಗಡಿಯ ಲೆಕ್ಕ ಬರೆಯುವ ಕೈಗೆ ಇದು ಹೊಸ ಕೆಲಸವಲ್ಲ. ತೂಕ ಇಳಿಯುತ್ತಿದ್ದರೆ ಔಷಧ ಸಾಲದೋ ಹೆಚ್ಚಾಯಿತೋ ಎಂದು ಆ ದಿನವೇ ವೈದ್ಯರನ್ನು ಕೇಳಬೇಕು, ಮುಂದಿನ ವಾರ ನೋಡೋಣವೆನ್ನಬಾರದು. ಹಗಲಿರುಳು ಇದನ್ನು ನೋಡಿಕೊಳ್ಳುವ ಕೆಲಸ ಸಾಮಾನ್ಯವಾಗಿ ಮನೆಯ ಹೆಂಗಸರ ಪಾಲಿಗೆ ಬರುತ್ತದೆ. ದಯಾಮರಣ ಬೇಡವೆಂದು ವೈದ್ಯರ ಮುಂದೆ ಹೇಳಿದವರು ಮನೆಯ ಗಂಡಸರಾಗಿದ್ದರೆ, ಮಧ್ಯರಾತ್ರಿಯ ಔಷಧದ ಸರದಿ ಅವರದಾಗಲಿ.